ಉಪ್ಪಿಲ್ಲದ ಬ್ರೆಡ್ ತುಂಡು

ನನ್ನ ಗಂಡ ಹದಿನಾಲ್ಕು ವರ್ಷ ಮಧ್ಯಾಹ್ನದ ಊಟಕ್ಕೆ ಸಲಾಡ್ ತಿಂದರು. ಇಷ್ಟಪಟ್ಟು ತಿಂದದ್ದಲ್ಲ. ಅವರು ಕೆಲಸ ಮಾಡುತ್ತಿದ್ದದ್ದು ಸ್ಟರ್ಲಿಂಗ್ ಹೈಟ್ಸ್‌ನ ಒಂದು ಸಣ್ಣ ಕಂಪನಿಯಲ್ಲಿ. ಕಾರಿನ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವ ಗೇಜುಗಳನ್ನು ಅಲ್ಲಿ ಮಾಡುತ್ತಿದ್ದರು. ಜೊತೆಗಾರರೆಲ್ಲ ಮಧ್ಯಾಹ್ನ ಹತ್ತಿರದ ಒಂದು ಹೋಟೆಲಿಗೆ ಹೋಗುತ್ತಿದ್ದರು. ಅಲ್ಲಿನ ಮಾಂಸ ಹಲಾಲ್ ಅಲ್ಲ. ಮಾಂಸ ಬಿಟ್ಟರೆ ಉಳಿಯುವುದು ಟೊಮೆಟೊ ಸೂಪು ಮತ್ತು ಸಲಾಡ್. ಮನೆಯಿಂದ ಡಬ್ಬಿ ಕಟ್ಟಿಕೊಡುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. ಒಟ್ಟಿಗೆ ಕೂತು ಉಣ್ಣದಿದ್ದರೆ ಅವರು ನನ್ನನ್ನು ಹೊರಗಿನವನೆಂದೇ ನೋಡುತ್ತಾರೆ ಎನ್ನುತ್ತಿದ್ದರು.

"ಮೊದಮೊದಲು ಮೇಕೆ ಥರ ಮೇಯ್ತಿದ್ದೆ. ಆಮೇಲೆ ಆ ಬ್ರೆಡ್ ತುಂಡಿನ ರುಚಿ ಹತ್ತಿತು ನೋಡು, ಅದಕ್ಕೋಸ್ಕರ ಸೊಪ್ಪು ತಿನ್ನೋದು ಕಲಿತೆ," ಎಂದು ಒಮ್ಮೆ ಹೇಳಿದರು.

ಆ ಬ್ರೆಡ್ ತುಂಡಿಗೆ ಇಲ್ಲಿ ಕ್ರುಟಾನ್ ಎನ್ನುತ್ತಾರೆ. ಹಳೆಯ ಬ್ರೆಡ್ಡನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಎಣ್ಣೆ, ಬೆಳ್ಳುಳ್ಳಿ, ಒಣಗಿದ ಸೊಪ್ಪು ಸವರಿ ಓವನ್‌ನಲ್ಲಿ ಗರಿಗರಿ ಮಾಡಿರುತ್ತಾರೆ. ಸೂಪಿನ ಮೇಲೆ, ಸಲಾಡಿನ ಮೇಲೆ ಉದುರಿಸಿಕೊಳ್ಳುವುದು. ನಮ್ಮವರಿಗೆ ಅದರ ಮೇಲೆ ಎಂಥ ಆಸೆ ಹುಟ್ಟಿತೆಂದರೆ ಅಂಗಡಿಯಿಂದ ಚೀಲಗಟ್ಟಲೆ ತಂದು ಟಿವಿ ಮುಂದೆ ಕೂತು ಕಡಲೆಬೀಜದಂತೆ ತಿನ್ನುತ್ತಿದ್ದರು. ನನಗೆ ಅದು ವಿಚಿತ್ರವೇನೂ ಅನಿಸಿರಲಿಲ್ಲ. ನಾನು ಅರಸೀಕೆರೆಯ ಬೇಕರಿಯವರ ಮಗಳು. ಮಾರಾಟವಾಗದೆ ಉಳಿದ ಬ್ರೆಡ್ಡನ್ನು ನಮ್ಮ ತಂದೆ ಎರಡನೇ ಸಲ ಭಟ್ಟಿಗೆ ಹಾಕಿ ರಸ್ಕ್ ಮಾಡುತ್ತಿದ್ದರು. ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಸೇರಿಸಿದ ಖಾರದ ಟೋಸ್ಟು ಸಂಜೆ ಹೊತ್ತಿಗೆ ಖಾಲಿಯಾಗುತ್ತಿತ್ತು. ಕ್ರುಟಾನ್ ಅಂದರೆ ಅದೇ ತಾನೇ, ಚೂರು ಚಿಕ್ಕದು, ಅಷ್ಟೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ಫೆಬ್ರವರಿಯಲ್ಲಿ, ಬೆಳಗ್ಗೆ, ನಮ್ಮವರು ಲಿವೋನಿಯಾದ ನಮ್ಮ ಮನೆಯ ಮುಂದಿನ ಹಿಮ ಎತ್ತುತ್ತಿದ್ದರು. ಅಡುಗೆಮನೆ ಕಿಟಕಿಯಿಂದ ನೋಡಿದೆ. ನಾಲ್ಕು ಸಲ ಸಲಿಕೆ ಎತ್ತಿ ಹಾಕಿದವರು ಅದನ್ನೇ ಊರುಗೋಲು ಮಾಡಿಕೊಂಡು ನಿಂತರು. ಮತ್ತೆ ಎರಡು ಸಲ, ಮತ್ತೆ ನಿಂತರು. ಒಳಗೆ ಬಂದಾಗ ಬೂಟು ಬಿಚ್ಚಲಾಗಲಿಲ್ಲ. ನಾನು ಕೂತು ಎಳೆದೆ. ಕಾಲುಚೀಲದ ಎಲಾಸ್ಟಿಕ್ ಇದ್ದ ಜಾಗದಲ್ಲಿ ಆಳವಾದ ಗುರುತು ಬಿದ್ದಿತ್ತು, ಬೆರಳಿನಿಂದ ಒತ್ತಿದರೆ ಕುಳಿ ಹಾಗೇ ಉಳಿಯುತ್ತಿತ್ತು.

"ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದೆ.

"ರಂಜಾನ್ ಟೈಮಿಂದ ಇರಬೇಕು."

"ಒಂದು ತಿಂಗಳಾಯ್ತಲ್ರೀ! ಹೇಳ್ಬಾರ್ದಾ?"

"ಹೇಳಿದ್ರೆ ನೀನು ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಿದ್ದೆ," ಎಂದರು.

ನಾನು ಆವತ್ತೇ ಕರೆದುಕೊಂಡು ಹೋದೆ. ಆರು ದಿನ ಇಟ್ಟುಕೊಂಡರು. ಹೃದಯದ ಸ್ನಾಯು ದುರ್ಬಲವಾಗಿದೆ, ರಕ್ತವನ್ನು ಸರಿಯಾಗಿ ತಳ್ಳುತ್ತಿಲ್ಲ, ಅದಕ್ಕೇ ನೀರು ತುಂಬಿಕೊಳ್ಳುತ್ತಿದೆ ಎಂದರು. ಅವರಿಗಾಗ ಐವತ್ತೆರಡು. ಮನೆಗೆ ಕಳಿಸುವ ದಿನ ಪಥ್ಯ ಹೇಳುವ ಡಯಟೀಶಿಯನ್ ಬಂದಳು. ನನ್ನ ವಯಸ್ಸಿನ ಕಪ್ಪು ಹೆಂಗಸು, ಮೆತ್ತಗಿನ ದನಿ. ಅವಳ ಬ್ಯಾಗಿನಲ್ಲಿ, ಎಷ್ಟೆಷ್ಟು ತಿನ್ನಬೇಕೆಂದು ತೋರಿಸಲು, ರಬ್ಬರಿನ ಕೋಳಿತೊಡೆ, ರಬ್ಬರಿನ ಆಲೂಗಡ್ಡೆ, ರಬ್ಬರಿನ ಬ್ರೆಡ್ ಸ್ಲೈಸು ಇದ್ದವು. ದಿನಕ್ಕೆ ಎರಡು ಸಾವಿರ ಮಿಲಿಗ್ರಾಂ ಸೋಡಿಯಂ, ಅದಕ್ಕಿಂತ ಒಂದು ಚೂರೂ ಹೆಚ್ಚಲ್ಲ ಎಂದಳು. ಒಂದು ಟೀ ಚಮಚ ಉಪ್ಪಿನಲ್ಲೇ ಅದಕ್ಕಿಂತ ಹೆಚ್ಚಿದೆ ಎಂದು ಚಮಚ ಎತ್ತಿ ತೋರಿಸಿದಳು. ಉಪ್ಪಿನಕಾಯಿ, ಹಪ್ಪಳ, ಡಬ್ಬಿಯ ಸೂಪು, ಚೀಸ್ ಎಲ್ಲಕ್ಕೂ ಗೆರೆ ಎಳೆದಳು. ಹದಿನೈದು ಪುಟದ ಕಾಗದದ ಕಟ್ಟು ನನ್ನ ಕೈಗೆ ಕೊಟ್ಟು, ಎಲ್ಲವನ್ನೂ ಓದಿ ಎಂದಳು. ನಾನು ಮೊದಲ ಮೂರು ಪುಟ ಓದಿದೆ.

ನಮ್ಮವರು ಎಲ್ಲಕ್ಕೂ ತಲೆಯಾಡಿಸಿದರು. ಕೊನೆಗೆ, ಕ್ರುಟಾನ್ ತಿನ್ನಬಹುದೇ ಎಂದು ಕೇಳಿದರು. ಅವಳು ನಕ್ಕಳು. ಅಂಗಡಿಯದಾದರೆ ಬೇಡ, ಅದರಲ್ಲಿ ಬ್ರೆಡ್ಡಿನ ಉಪ್ಪು ಒಂದು, ಮೇಲೆ ಉದುರಿಸಿದ ಉಪ್ಪು ಇನ್ನೊಂದು. ಮನೆಯಲ್ಲಿ ಮಾಡಿಕೊಂಡರೆ ನೋಡೋಣ ಎಂದಳು. ಬ್ರೆಡ್ಡಿನಲ್ಲಿ ಅಷ್ಟು ಉಪ್ಪಿರುತ್ತದೆ ಎನ್ನುವುದನ್ನು ಬೇಕರಿಯವರ ಮಗಳಾದ ನನಗೆ ಅವಳು ಹೇಳಿಕೊಡಬೇಕಾಯಿತು. ನಮ್ಮ ತಂದೆ ಹಿಟ್ಟಿಗೆ ಬೊಗಸೆಯಲ್ಲಿ ಉಪ್ಪು ಹಾಕುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿತ್ತು, ಆದರೂ ಬ್ರೆಡ್ ಎಂದರೆ ಸಪ್ಪೆ ತಿಂಡಿ ಎಂದೇ ನಾನು ತಿಳಿದಿದ್ದೆ.

ಮನೆಗೆ ಬಂದ ಮೇಲೆ ಅವರು ಜಗಳವಾಡಲಿಲ್ಲ, ತಟ್ಟೆ ದೂರ ತಳ್ಳಲಿಲ್ಲ. ಕೊಟ್ಟದ್ದನ್ನು ತಿನ್ನುತ್ತಿದ್ದರು, ಮಾತಾಡುತ್ತಿರಲಿಲ್ಲ. ಅದೇ ನನಗೆ ಕಷ್ಟವಾದದ್ದು. ಉಪ್ಪಿಲ್ಲದ ಸಾರು, ಉಪ್ಪಿಲ್ಲದ ಪಲ್ಯ, ಉಪ್ಪಿಲ್ಲದ ಕೋಳಿ. ಒಂದು ದಿನ ಹೈಸ್ಕೂಲಿಗೆ ಹೋಗುತ್ತಿದ್ದ ನಮ್ಮ ಮಗಳು ಅವರ ತಟ್ಟೆಯಿಂದ ಒಂದು ತುತ್ತು ತಿಂದು, "ಮಾಮ್, ದಿಸ್ ಈಸ್ ಸ್ಯಾಡ್," ಎಂದಳು. ಅವರು ಅವಳ ಕೈಯಿಂದ ಚಮಚ ತೆಗೆದುಕೊಂಡು, "ನೀನು ನಿಂದು ತಿನ್ನು," ಎಂದರು. ನಮ್ಮ ಮನೆಮಾತು ಉರ್ದು. ಆದರೆ ಅವರೂ ನಾನೂ ಕನ್ನಡ ಶಾಲೆಯಲ್ಲಿ ಓದಿದವರು. ಮಗಳಿಗೆ ತಿಳಿಯಬಾರದ ಮಾತನ್ನು ಕನ್ನಡದಲ್ಲಿ ಆಡಿ ಆಡಿ ಕೊನೆಗೆ ನಮ್ಮಿಬ್ಬರ ಮಾತೆಲ್ಲ ಕನ್ನಡವೇ ಆಗಿಹೋಗಿತ್ತು. ಅವಳಿಗೂ ಅಷ್ಟರಲ್ಲಿ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಿದ್ದಳು.

ಕ್ರುಟಾನ್ ಒಂದನ್ನಾದರೂ ಸರಿಯಾಗಿ ಮಾಡಿಕೊಡೋಣ ಎಂದು ಹೊರಟೆ. ಮೊದಲ ಸಲ ಮಾಡಿದ್ದು ದೊಡ್ಡ ತಪ್ಪು. ಅಂಗಡಿಯಲ್ಲಿ ಬೆಳ್ಳುಳ್ಳಿ ಪುಡಿ ಎಂದುಕೊಂಡು ತಂದದ್ದು ಬೆಳ್ಳುಳ್ಳಿ ಬೆರೆಸಿದ ಉಪ್ಪು. ಬಾಟಲಿಗಳು ಪಕ್ಕಪಕ್ಕದಲ್ಲಿದ್ದವು, ಮುಚ್ಚಳದ ಬಣ್ಣವೂ ಒಂದೇ. ತುಂಡುಗಳನ್ನು ಓವನ್‌ನಿಂದ ತೆಗೆದು ಬಾಯಿಗೆ ಹಾಕಿಕೊಂಡೆ, ಎಷ್ಟು ರುಚಿಯಾಗಿದೆ ಎಂದು ಸಂತೋಷಪಟ್ಟೆ, ಆಮೇಲೆ ಅನುಮಾನ ಬಂದು ಬಾಟಲಿ ಓದಿದೆ. ಆ ತಟ್ಟೆ ಪೂರ್ತಿ ನಾನೂ ಮಗಳೂ ತಿಂದೆವು.

ಎರಡನೇ ಸಲ ಉಪ್ಪು ಹಾಕದೆ ಬ್ರೆಡ್ ನಾನೇ ಮಾಡಿದೆ. ಹಿಟ್ಟು ಅರ್ಧ ಗಂಟೆಯಲ್ಲಿ ಪಾತ್ರೆ ಮೀರಿ ಉಬ್ಬಿ ಬಂತು. ಓವನ್‌ಗೆ ಇಟ್ಟ ಮೇಲೆ ನಡುವೆ ಕುಸಿಯಿತು. ಕತ್ತರಿಸಿದರೆ ಪುಡಿ ಪುಡಿ. ಮೂರನೇ ಸಲವೂ ಹಾಗೇ ಆಯಿತು. ಭಾನುವಾರ ಬೆಳಗ್ಗೆ ಅರಸೀಕೆರೆಗೆ ಫೋನ್ ಮಾಡಿದೆ. ನಮ್ಮ ತಂದೆಗೆ ಆಗ ಎಪ್ಪತ್ತೆಂಟು. ಬೇಕರಿಯನ್ನು ಅಣ್ಣಂದಿರು ನೋಡಿಕೊಳ್ಳುತ್ತಿದ್ದರು, ಆದರೂ ದಿನಾ ಹೋಗಿ ಭಟ್ಟಿಯ ಪಕ್ಕ ಕೂತು ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುತ್ತಿದ್ದರು. ಅಳಿಯನ ಕಾಯಿಲೆಯ ವಿಷಯ ಅವರಿಗೆ ಗೊತ್ತಿತ್ತು. ಉಪ್ಪಿಲ್ಲದೆ ಬ್ರೆಡ್ ಮಾಡುತ್ತಿದ್ದೇನೆ ಎಂದೆ.

"ಅಬ್ಬಾ, ಕೇಳಿಸ್ತಾ ಇದೆಯಾ?" ಎಂದು ತಂದೆಯನ್ನು ಕೇಳಿದೆ.

"ಕೇಳಿಸ್ತು, ಯೋಚನೆ ಮಾಡ್ತಿದೀನಿ. ಉಪ್ಪು ಅಂದ್ರೆ ಹಿಟ್ಟಿಗೆ ಕಡಿವಾಣ ಇದ್ದಂಗೆ. ಅದಿಲ್ದೇ ಹೋದ್ರೆ ಅದು ನಿನ್ ಮಾತು ಕೇಳಲ್ಲ. ಈಸ್ಟು ಎಷ್ಟು ಹಾಕ್ತೀಯ?"

ಹೇಳಿದೆ.

"ಅರ್ಧಕ್ಕರ್ಧ ಕಮ್ಮಿ ಮಾಡು. ಬೆಚ್ಚಗಿನ ನೀರು ಬೇಡ, ತಣ್ಣೀರಲ್ಲಿ ಕಲಸು. ನಿಮ್ಮಲ್ಲಿ ಚಳಿ ಅಲ್ವಾ, ಒಲೆ ಹತ್ರ ಇಡಬೇಡ. ಪೂರ್ತಿ ಉಬ್ಬೋವರ್ಗೂ ಕಾಯಬೇಡ, ಮುಕ್ಕಾಲಿಗೆ ಬಂದ್ ತಕ್ಷಣ ಒಳಗೆ ತಳ್ಳು. ಒಂದ್ ಹಿಡಿ ಮೊಸರು ಹಾಕು. ಹುಳಿ ಇದ್ರೆ ನಾಲಗೆ ಉಪ್ಪು ಕೇಳಲ್ಲ."

ಕೊನೆಯ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ಮೊಸರಿನ ಬ್ರೆಡ್ ನಿಂತಿತು. ಒಂದು ದಿನ ಹಾಗೇ ಬಿಟ್ಟು, ಮರುದಿನ ಅರ್ಧ ಇಂಚಿನ ಚೌಕಗಳಾಗಿ ಕತ್ತರಿಸಿದೆ. ಆಲಿವ್ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಬಿಸಿ ಮಾಡಿ, ಬೆಳ್ಳುಳ್ಳಿ ತೆಗೆದುಹಾಕಿ, ಆ ಎಣ್ಣೆಗೆ ಹುರಿದು ಪುಡಿ ಮಾಡಿದ ಜೀರಿಗೆ, ಕಾಳುಮೆಣಸು, ಒಣಗಿದ ಸಬ್ಬಸಿಗೆ, ಆಮ್‌ಚೂರ್ ಎನ್ನುವ ಹುಳಿ ಮಾವಿನಕಾಯಿ ಪುಡಿ ಕಲಸಿ ತುಂಡುಗಳಿಗೆ ಸವರಿದೆ. ಮುನ್ನೂರು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಇಪ್ಪತ್ತು ನಿಮಿಷ, ನಡುವೆ ಒಮ್ಮೆ ಮಗುಚಿ, ಆಮೇಲೆ ಓವನ್ ಆರಿಸಿ ಬಾಗಿಲು ಚೂರು ತೆರೆದು ಅಲ್ಲೇ ಬಿಟ್ಟೆ. ನಮ್ಮ ತಂದೆ ರಸ್ಕನ್ನು ಆರುತ್ತಿರುವ ಭಟ್ಟಿಯಲ್ಲಿ ಬಿಡುತ್ತಿದ್ದದ್ದು ಹಾಗೆಯೇ. ಸಂಜೆ ನಮ್ಮವರ ಸೂಪಿನ ಮೇಲೆ ಒಂದು ಹಿಡಿ ಹಾಕಿದೆ. ಅವರು ಒಂದು ತುಂಡನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು, ಗೇಜು ನೋಡುವ ಹಾಗೆ.

"ಇದಕ್ಕೆ ಏನೋ ಕಮ್ಮಿ ಇದೆ," ಎಂದರು.

"ಉಪ್ಪು ಕಮ್ಮಿ ಇದೆ," ಎಂದೆ.

"ಅದಲ್ಲ. ಖಾರ ಕಮ್ಮಿ."

ಎರಡು ತಿಂಗಳಲ್ಲಿ ಅವರು ಮನೆಯಲ್ಲಿ ಆಡಿದ ಮೊದಲ ದೂರು ಅದು. ನನಗೆ ಅಳು ಬಂತು. ಮೆಣಸಿನ ಪುಡಿ ತಂದು ಸುರಿದೆ.

ಬೇಸಿಗೆಯ ಹೊತ್ತಿಗೆ ಅವರು ಕೆಲಸಕ್ಕೆ ಮರಳಿದರು. ಮಧ್ಯಾಹ್ನ ಅದೇ ಹೋಟೆಲಿನಲ್ಲಿ ಬರಿ ಸೊಪ್ಪು ತರಿಸಿಕೊಂಡು, ಜೇಬಿನಿಂದ ನನ್ನ ಕ್ರುಟಾನಿನ ಪೊಟ್ಟಣ ತೆಗೆಯುತ್ತಿದ್ದರು. ಜೊತೆಗಾರರು ಮೊದಲು ನಕ್ಕರಂತೆ, ಆಮೇಲೆ ಕೈ ಹಾಕಿದರಂತೆ. ವಾರಕ್ಕೆ ಎರಡು ಬ್ರೆಡ್ ಮಾಡುವವಳು ನಾಲ್ಕು ಮಾಡತೊಡಗಿದೆ.

ಈಗ ನನ್ನ ಗೆಳತಿಯ ವಿಷಯ ಹೇಳಬೇಕು. ನಮ್ಮ ಬಡಾವಣೆಯಲ್ಲೇ ಎರಡು ಬೀದಿ ಆಚೆ ಗದಗಿನ ಕಡೆಯ ಒಬ್ಬ ಹೆಣ್ಣುಮಗಳಿದ್ದಳು. ನನಗಿಂತ ಏಳೆಂಟು ವರ್ಷಕ್ಕೆ ಚಿಕ್ಕವಳು. ಮಕ್ಕಳ ಸ್ಕೂಲ್ ಬಸ್ಸು ನಿಲ್ಲುವಲ್ಲಿ, ಅವಳು ತನ್ನ ಮಗಳಿಗೆ "ಓಡಬ್ಯಾಡ, ಬೀಳ್ತಿ" ಎಂದದ್ದು ಕೇಳಿ ನಾನಾಗಿಯೇ ಮಾತಾಡಿಸಿದ್ದೆ. ಆಮೇಲೆ ಹತ್ತು ವರ್ಷ ನಮ್ಮ ಹಬ್ಬದ ತಟ್ಟೆ ಅವರ ಮನೆಗೆ, ಅವರ ಹಬ್ಬದ ತಟ್ಟೆ ನಮ್ಮ ಮನೆಗೆ. ನಮ್ಮವರು ಆಸ್ಪತ್ರೆಯಲ್ಲಿದ್ದಾಗ ಮಗಳನ್ನು ನೋಡಿಕೊಂಡವಳು ಅವಳೇ. ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಕೈಯಲ್ಲೊಂದು ಬಾಟಲಿ ಹಿಡಿದು ಓಡುತ್ತಲೇ ಬಂದಳು.

"ಅಕ್ಕಾರ, ಇಲ್ನೋಡ್ರಿ, ಏನ್ ಸಿಕ್ಕೈತಿ! ಇದು ಉಪ್ಪಲ್ಲ, ಆದ್ರ ಉಪ್ಪಿನಂಗ ಐತಿ. ಸೋಡಿಯಂ ಸೊನ್ನೆ ಅಂತ ಬರದಾರ. ನಮ್ಮ ಆಫೀಸಿನಾಗ ಒಬ್ಬಾಕಿ ಗಂಡಗ ಬಿಪಿ ಐತಂತ, ಅಂವ ಇದನ್ನ ತಿಂತಾನಂತ."

ನಾನು ಹಿಂದೆ ಮುಂದೆ ತಿರುಗಿಸಿ ಓದಿದೆ. ಸೋಡಿಯಂ ಸೊನ್ನೆ ಎಂದೇ ಇತ್ತು. ಆ ದಿನಗಳಲ್ಲಿ ನನ್ನ ಕಣ್ಣು ಅದೊಂದು ಸಾಲು ಬಿಟ್ಟು ಬೇರೇನನ್ನೂ ಓದುತ್ತಿರಲಿಲ್ಲ. ಆ ವಾರದ ಕ್ರುಟಾನಿಗೆ ಹಾಕಿದೆ, ಸಾರಿಗೂ ಹಾಕಿದೆ. ನಮ್ಮವರು ಒಂದು ತುತ್ತು ತಿಂದು ನನ್ನ ಮುಖ ನೋಡಿದರು.

"ಉಪ್ಪು ಹಾಕಿದೀಯಾ?"

"ಇಲ್ಲ. ಇದು ಬೇರೆ. ತಿನ್ನಿ."

ಎರಡು ಸಲ ಬಡಿಸಿಕೊಂಡರು. ಮೂರು ವಾರ ಮನೆಯಲ್ಲಿ ಹಬ್ಬ. ಅವರಿಗೆ ಸಪ್ಪೆ ಅನ್ನಿಸಬಾರದೆಂದು ನಾನು ಧಾರಾಳವಾಗಿಯೇ ಹಾಕುತ್ತಿದ್ದೆ. ಅಷ್ಟರಲ್ಲಿ ಡಾಕ್ಟರು ಹೊಸದೊಂದು ಮಾತ್ರೆ ಸೇರಿಸಿದ್ದರು, ಅದಕ್ಕಾಗಿ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ಒಂದು ಬುಧವಾರ ಬೆಳಗ್ಗೆ ರಕ್ತ ಕೊಟ್ಟು ಕೆಲಸಕ್ಕೆ ಹೋದರು. ಕಾಲಲ್ಲಿ ಶಕ್ತಿಯಿಲ್ಲದ ಹಾಗಿದೆ ಎಂದಿದ್ದರು, ನಾನು ಚಳಿಗೆ ಇರಬೇಕು ಎಂದಿದ್ದೆ. ಮಧ್ಯಾಹ್ನ ಎರಡು ಗಂಟೆಗೆ ಕ್ಲಿನಿಕ್ಕಿನಿಂದ ಫೋನು. ನಿಮ್ಮ ಯಜಮಾನರು ಎಲ್ಲಿದ್ದಾರೆ, ಈಗಲೇ ಎಮರ್ಜೆನ್ಸಿಗೆ ಬರಬೇಕು, ಅವರು ಕಾರು ಓಡಿಸಕೂಡದು ಎಂದಳು ನರ್ಸು. ಏನಾಗಿದೆ ಎಂದರೆ ಪೊಟ್ಯಾಸಿಯಂ ತುಂಬಾ ಹೆಚ್ಚಾಗಿದೆ, ಹೃದಯ ನಿಂತುಹೋಗಬಹುದು ಎಂದಳು.

ನಾನು ಅವರ ಕಂಪನಿಗೆ ಫೋನ್ ಮಾಡಿದೆ. ಜೊತೆಗಾರನೊಬ್ಬ ಅವರನ್ನು ಹತ್ತಿರದ ಆಸ್ಪತ್ರೆಗೆ ಕರೆದೊಯ್ದ. ನಾನು ಲಿವೋನಿಯಾದಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಹೋದೆ, ಹೆದ್ದಾರಿಯಿಂದ ಇಳಿಯುವ ಒಂದು ಎಕ್ಸಿಟ್ ತಪ್ಪಿತು, ತಿರುಗಿಸಿಕೊಂಡು ಬಂದೆ. ಹೋದಾಗ ಅವರ ಎದೆಗೆಲ್ಲ ತಂತಿ ಅಂಟಿಸಿದ್ದರು. ಕೈಗೆ ಸೂಜಿ. ಮರಳು ಕಲಸಿದಂಥ ಕಂದು ಬಣ್ಣದ ಏನೋ ದ್ರವವನ್ನು ಕುಡಿಯಲು ಕೊಟ್ಟಿದ್ದರು, ಅವರು ಮುಖ ಕಿವುಚಿಕೊಂಡು ಕುಡಿಯುತ್ತಿದ್ದರು. ಯುವ ಡಾಕ್ಟರೊಬ್ಬ ನನ್ನನ್ನು ನೋಡಿದೊಡನೆ ಕೇಳಿದ ಮೊದಲ ಪ್ರಶ್ನೆ: ಅಡುಗೆಗೆ ಉಪ್ಪಿನ ಬದಲು ಏನಾದರೂ ಬಳಸುತ್ತಿದ್ದೀರಾ?

ಆ ಪ್ರಶ್ನೆಯ ಇಂಗ್ಲಿಷು ಸುಲಭವಾಗಿಯೇ ಇತ್ತು, ಆದರೆ ನಾನು ಇನ್ನೊಮ್ಮೆ ಹೇಳಿ ಎಂದೆ. ಅವನು ಇನ್ನೊಮ್ಮೆ ಹೇಳಿದ. ಹೌದು ಎಂದೆ. ಆ ಬಾಟಲಿಯಲ್ಲಿರುವುದು ಪೊಟ್ಯಾಸಿಯಂ. ನಿಮ್ಮ ಗಂಡ ತೆಗೆದುಕೊಳ್ಳುವ ಎರಡು ಮಾತ್ರೆಗಳು ದೇಹದಿಂದ ಪೊಟ್ಯಾಸಿಯಂ ಹೊರಹೋಗದಂತೆ ತಡೆಯುತ್ತವೆ. ಎರಡೂ ಸೇರಬಾರದು ಎಂದು ವಿವರಿಸಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಹೋದ ಮೇಲೆ ಡಯಟೀಶಿಯನ್ ಕೊಟ್ಟಿದ್ದ ಕಾಗದದ ಕಟ್ಟನ್ನು ಹುಡುಕಿ ತೆಗೆದೆ. ಒಂಬತ್ತನೇ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಉಪ್ಪಿನ ಬದಲಿ ಪುಡಿಗಳನ್ನು ಡಾಕ್ಟರನ್ನು ಕೇಳದೆ ಬಳಸಬೇಡಿ ಎಂದಿತ್ತು. ಬಾಟಲಿಯ ಮೇಲೂ ಸಣ್ಣಕ್ಷರದಲ್ಲಿ ಅದೇ ಇತ್ತು.

ಮೂರು ದಿನ ಆಸ್ಪತ್ರೆಯಲ್ಲಿದ್ದರು. ಎರಡನೇ ದಿನ ಗೆಳತಿ ಬಂದಳು. ನಮ್ಮ ಮಗಳು ಹೇಳಿದ್ದಳೇನೋ, ಎಲ್ಲ ಗೊತ್ತಾಗಿತ್ತು. ಬಾಗಿಲಲ್ಲಿ ನಿಂತಳು, ಮುಖ ಬಿಳಚಿಕೊಂಡಿತ್ತು. ನಾನು ಕುರ್ಚಿಯಿಂದ ಏಳಲಿಲ್ಲ. ಬನ್ನಿ ಎನ್ನಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತು ಹೊರಟುಹೋದಳು. ನಮ್ಮವರು ನಿದ್ದೆಯಲ್ಲಿದ್ದರು.

ತಪ್ಪು ಅವಳದಲ್ಲ ಎಂದು ನನಗೆ ಆವತ್ತೇ ಗೊತ್ತಿತ್ತು. ಓದದೇ ಇದ್ದವಳು ನಾನು, ಚಮಚ ಹಿಡಿದವಳು ನಾನು. ಆದರೆ ನನ್ನ ಮೇಲೆ ನಾನು ಎಷ್ಟು ಸಿಟ್ಟು ಮಾಡಿಕೊಳ್ಳಲಿ? ಅದರಲ್ಲಿ ಒಂದು ಪಾಲನ್ನು ಅವಳ ಮೇಲೆ ಹಾಕಿದರೆ ಹಗುರವಾಗುತ್ತಿತ್ತು, ಹಾಕಿದೆ. ಫೋನು ಬಂದರೆ ಎತ್ತಲಿಲ್ಲ. ಬಸ್ಸು ನಿಲ್ಲುವ ಕಡೆ ಕಾರಿನಿಂದ ಇಳಿಯುವುದನ್ನು ಬಿಟ್ಟೆ.

ಓವನ್ ಹಚ್ಚುವುದನ್ನೂ ಬಿಟ್ಟೆ. ಕ್ರುಟಾನ್ ಇಲ್ಲದೆ ಸೂಪು ಕೊಟ್ಟೆ. ನಮ್ಮವರು ಎರಡು ವಾರ ಸುಮ್ಮನಿದ್ದು, ಒಂದು ಶನಿವಾರ ಬೆಳಗ್ಗೆ ತಾವೇ ಹಿಟ್ಟಿನ ಡಬ್ಬ ತೆಗೆದು ಮೇಜಿನ ಮೇಲಿಟ್ಟರು.

"ನೀನು ಮಾಡ್ತೀಯೋ, ನಾನು ಮಾಡಲೋ?"

"ನನಗೆ ಭಯ ಆಗತ್ತೆ."

"ಹಿಟ್ಟು, ಮೊಸರು, ನೀರು, ಈಸ್ಟು. ಇದರಲ್ಲಿ ಯಾವುದಕ್ಕೆ ಭಯ?" ಎಂದು ಕೇಳಿ, ಕಾಗದ ಪೆನ್ನು ತಂದು ನನ್ನ ಮಸಾಲೆ ಡಬ್ಬಿಯ ಒಂದೊಂದು ಪುಡಿಯ ಹೆಸರನ್ನೂ ಬರೆದುಕೊಂಡರು. ಸೋಮವಾರ ಅದನ್ನು ಡಯಟೀಶಿಯನ್‌ಗೆ ಫೋನಿನಲ್ಲಿ ಓದಿ ಹೇಳಿದರು. ಆಮ್‌ಚೂರ್ ಎಂದರೇನೆಂದು ವಿವರಿಸಲು ಹತ್ತು ನಿಮಿಷ ಹಿಡಿಯಿತು. ಅವಳು ಎಲ್ಲಕ್ಕೂ ಆಗಬಹುದು ಎಂದ ಮೇಲೆ ಆ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿದರು. ಅದರ ಕೆಳಗೆ ತಮ್ಮ ಸಹಿ ಹಾಕಿದ್ದರು, ಕಂಪನಿಯಲ್ಲಿ ಗೇಜು ಪಾಸ್ ಮಾಡುವಾಗ ಹಾಕುವ ಹಾಗೆ.

ಆ ವರ್ಷ ರಂಜಾನ್ ಡಿಸೆಂಬರಿನಲ್ಲಿ ಬಂತು. ಐದು ಗಂಟೆಗೆಲ್ಲ ಸೂರ್ಯ ಮುಳುಗಿ ಉಪವಾಸ ಬಿಡುವ ಹೊತ್ತಾಗುತ್ತಿತ್ತು. ಅವರು ಉಪವಾಸ ಮಾಡಕೂಡದೆಂದು ಡಾಕ್ಟರು ಹೇಳಿದ್ದರು. ಹುಡುಗನಾಗಿದ್ದಾಗಿನಿಂದ ಒಂದೂ ಬಿಟ್ಟವರಲ್ಲ. ಮಸೀದಿಗೆ ಹೋದರೆ ಯಾರಾದರೂ ಕೇಳುತ್ತಾರೆಂದು ಮನೆಯಲ್ಲೇ ಉಳಿದರು. ನಾನೂ ಮಗಳೂ ಖರ್ಜೂರ ಹಿಡಿದು ಕೂತಾಗ ಅವರೂ ನಮ್ಮ ಜೊತೆ ಕೂರುತ್ತಿದ್ದರು, ಮಧ್ಯಾಹ್ನ ಊಟ ಮಾಡಿದ್ದರೂ ನಮ್ಮ ಜೊತೆಗೇ ಮೊದಲ ಗುಟುಕು ನೀರು ಕುಡಿಯುತ್ತಿದ್ದರು. ಪ್ರತಿ ವರ್ಷ ಮೊದಲ ಶುಕ್ರವಾರ ಗೆಳತಿಯ ಮನೆಗೆ ಹೋಗುತ್ತಿದ್ದ ಸಮೋಸದ ತಟ್ಟೆ ಆ ವರ್ಷ ಹೋಗಲಿಲ್ಲ.

ಎರಡನೇ ವಾರದಲ್ಲಿ ಒಂದು ಸಂಜೆ, ಇನ್ನೇನು ಉಪವಾಸ ಬಿಡಬೇಕು, ಬೆಲ್ಲಾಯಿತು. ಬಾಗಿಲು ತೆಗೆದರೆ ಅವಳು. ಕೋಟಿನ ಮೇಲೆಲ್ಲ ಹಿಮ. ಕೈಯಲ್ಲಿ ಬಟ್ಟೆಯ ಗಂಟು.

"ಒಳಗ ಬರಂಗಿಲ್ರಿ. ಇದನ್ನ ಕೊಟ್ಟು ಹೋಗ್ತೀನಿ," ಎಂದಳು.

ನಾನು ಬಾಗಿಲು ಹಿಡಿದುಕೊಂಡೇ ನಿಂತೆ. ಗಂಟು ಇಸಿದುಕೊಳ್ಳಲಿಲ್ಲ. ಒಳಗಿನಿಂದ ನಮ್ಮವರ ದನಿ ಬಂತು.

"ಯಾರದು? ಒಳಗೆ ಕರಿ, ಮನೆ ಹೀಟೆಲ್ಲಾ ಆಚೆ ಹೋಗ್ತಿದೆ."

ಹಾಗಾಗಿ ಅವಳು ಒಳಗೆ ಬಂದಳು. ಬೂಟು ಬಿಚ್ಚಿ, ಮೇಜಿನ ಹತ್ತಿರ ನಿಂತು, ಗಂಟು ಬಿಚ್ಚಿದಳು. ತೆಳ್ಳಗಿನ, ಕಾಗದದಂಥ ಒಣ ರೊಟ್ಟಿ, ಇಪ್ಪತ್ತಾದರೂ ಇದ್ದವು. ನಮ್ಮವರ ಕಡೆ ನೋಡದೆ, ನೆಲ ನೋಡಿಕೊಂಡು ಹೇಳಿದಳು.

"ಖಡಕ್ ರೊಟ್ಟಿರಿ ಅಣ್ಣಾರ. ಜ್ವಾಳದ ಹಿಟ್ಟು, ಕುದಿಯೋ ನೀರು. ಅಷ್ಟ. ಬ್ಯಾರೆ ಏನೂ ಹಾಕಿಲ್ಲ. ರೊಟ್ಟಿಗೆ ನಾವು ಉಪ್ಪು ಹಾಕೋದ ಇಲ್ರಿ. ನಮ್ಮವ್ವ ಹಾಕಿಲ್ಲ, ಅವರವ್ವ ಹಾಕಿಲ್ಲ. ಅಷ್ಟು ದಿನ ನೀವು ಉಪ್ಪಿಲ್ಲದ ಬ್ರೆಡ್ಡಿಗೆ ಒದ್ದಾಡೋದು ನೋಡಿದ್ನಲ್ಲ, ನಂಗ ಇದು ತಲ್ಯಾಗ ಬರಲೇ ಇಲ್ಲ. ಆ ಸುಡಗಾಡು ಬಾಟ್ಲಿ ಹಿಡ್ಕೊಂಡ್ ಬಂದೆ."

ಅಷ್ಟು ಹೇಳುವಷ್ಟರಲ್ಲಿ ಅಳತೊಡಗಿದಳು. ನಮ್ಮವರು ಒಂದು ರೊಟ್ಟಿ ತೆಗೆದುಕೊಂಡು ಮುರಿದರು. ಟಪ್ಪೆಂದು ಶಬ್ದವಾಯಿತು. ಚೂರು ಮಾಡಿ ಸೂಪಿನ ಬಟ್ಟಲಿಗೆ ಹಾಕಿದರು. ತಿಂದು, "ಇದು ಆ ಹೋಟೆಲಿನದಕ್ಕಿಂತ ಚೆನ್ನಾಗಿದೆ. ಸೂಪಲ್ಲೂ ಬೇಗ ಮೆತ್ತಗಾಗಲ್ಲ," ಎಂದರು. ನನ್ನ ಕಡೆ ತಿರುಗಿ, "ಟೈಮಾಯ್ತು, ಅವರಿಗೂ ಒಂದು ಬಟ್ಟಲು ಹಾಕು," ಎಂದರು.

ನಾನು ಬಟ್ಟಲು ತರಲು ಒಳಗೆ ಹೋದೆ. ಅವಳು ಹಿಂದೆಯೇ ಬಂದು ಅಡುಗೆಮನೆಯಲ್ಲಿ ನಿಂತಳು.

"ನಾನೂ ಓದಿರಲಿಲ್ಲ," ಎಂದೆ. "ಒಂಬತ್ತನೇ ಪೇಜಲ್ಲಿ ಬರೆದಿತ್ತು. ನಾನೇ ಓದಿರಲಿಲ್ಲ."

ಅವಳು ಕಣ್ಣು ಒರೆಸಿಕೊಂಡು, "ಸಮೋಸ ಅದಾವೇನ್ರಿ?" ಎಂದು ಕೇಳಿದಳು. ಇದ್ದವು. ಅವಳಿಗೂ ಅವಳ ಮನೆಯವರಿಗೂ ಕಟ್ಟಿಕೊಟ್ಟೆ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಎರಡು ಥರದ ಕ್ರುಟಾನ್ ಇರುತ್ತಿತ್ತು. ಮೊಸರಿನ ಬ್ರೆಡ್ಡಿನದು, ರೊಟ್ಟಿಯದು. ರೊಟ್ಟಿ ತಟ್ಟುವುದನ್ನು ಅವಳು ಕಲಿಸಿಕೊಟ್ಟಳು, ನನಗೆ ಅದು ಚೆನ್ನಾಗಿ ಬರಲೇ ಇಲ್ಲ, ಅಂಚು ಒಡೆಯುತ್ತಿತ್ತು. ಹೇಗಿದ್ದರೂ ಮುರಿಯುವುದೇ ಅಲ್ಲವೇ ಎಂದು ಅವಳು ಸಮಾಧಾನ ಹೇಳುತ್ತಿದ್ದಳು. ಮುರಿದ ಚೂರುಗಳಿಗೆ ಬೆಳ್ಳುಳ್ಳಿ ಎಣ್ಣೆ ಸವರಿ, ನಿಂಬೆಸಿಪ್ಪೆ ತುರಿದು ಹಾಕಿ, ಐದೇ ನಿಮಿಷ ಓವನ್‌ನಲ್ಲಿಟ್ಟರೆ ಸಾಕಾಗುತ್ತಿತ್ತು.

ಮಗಳು ಕಾಲೇಜು ಮುಗಿಸಿ ಚಿಕಾಗೋ ಬಳಿಯ ಲಿಸ್ಲ್‌ನಲ್ಲಿ ಕೆಲಸಕ್ಕೆ ಸೇರಿದಳು. ನಾವು ಎರಡು ತಿಂಗಳಿಗೊಮ್ಮೆ ಕಾರಿನಲ್ಲಿ ಹೋಗುತ್ತಿದ್ದೆವು. ಐದು ಗಂಟೆಯ ದಾರಿ, ನಮ್ಮವರಿಗಾಗಿ ಮೂರು ಕಡೆ ನಿಲ್ಲಿಸಿ ಆರೂವರೆ ಮಾಡುತ್ತಿದ್ದೆವು. ನಡುದಾರಿಯ ಒಂದು ರೆಸ್ಟ್ ಏರಿಯಾದಲ್ಲಿ ಥರ್ಮಾಸಿನ ಸೂಪು, ಡಬ್ಬಿಯ ಕ್ರುಟಾನ್ ಇಟ್ಟುಕೊಂಡು ಉಣ್ಣುತ್ತಿದ್ದೆವು. ಮಗಳು ಅಪ್ಪ ಬರುತ್ತಾರೆಂದು ತಾನೇ ಒಂದು ಸಲ ಕ್ರುಟಾನ್ ಮಾಡಿಟ್ಟಿದ್ದಳು. ಕಲ್ಲಿನಂತಿತ್ತು. ಅವರು ಒಂದೊಂದನ್ನೂ ಸೂಪಿನಲ್ಲಿ ನೆನೆಸಿ ಬಟ್ಟಲು ಖಾಲಿ ಮಾಡಿದರು.

"ಡ್ಯಾಡ್, ಯು ಡೋಂಟ್ ಹ್ಯಾವ್ ಟು," ಎಂದಳು.

"ಖಾರ ಚೆನ್ನಾಗಿದೆ. ನಿಮ್ಮಮ್ಮ ಇನ್ನೂ ಇಷ್ಟು ಹಾಕಲ್ಲ," ಎಂದರು.

ಆ ಫೆಬ್ರವರಿಯ ನಂತರ ಅವರು ಒಂಬತ್ತು ವರ್ಷ ಬದುಕಿದರು. ಅದರಲ್ಲಿ ಏಳು ವರ್ಷ ಕೆಲಸಕ್ಕೆ ಹೋದರು. ಕೊನೆಯ ಎರಡು ವರ್ಷ ಮನೆಯಲ್ಲೇ ಇದ್ದು, ಬ್ರೆಡ್ ಕತ್ತರಿಸುವ ಕೆಲಸವನ್ನು ತಮ್ಮದಾಗಿಸಿಕೊಂಡಿದ್ದರು. ಅಳತೆಪಟ್ಟಿ ಹಿಡಿದು ಅರ್ಧ ಇಂಚಿಗೆ ಒಂದೇ ಸಮ ಕತ್ತರಿಸುತ್ತಿದ್ದರು, ಅಂಚಿನ ಓರೆ ತುಂಡುಗಳನ್ನು ಬೇರೆ ತಟ್ಟೆಗೆ ಹಾಕಿ ಅಳಿಲುಗಳಿಗೆ ಕೊಡುತ್ತಿದ್ದರು. ಹೋದದ್ದು ಒಂದು ಬೆಳಗ್ಗೆ, ಆಸ್ಪತ್ರೆಯಲ್ಲಿ, ನಾನೂ ಮಗಳೂ ಪಕ್ಕದಲ್ಲಿದ್ದಾಗ. ಹೆಚ್ಚು ಕಷ್ಟಪಡಲಿಲ್ಲ.

ನಲವತ್ತು ದಿನ ಮನೆಯಲ್ಲಿ ಒಲೆ ಹಚ್ಚಲು ಯಾರೂ ಬಿಡಲಿಲ್ಲ. ಮಸೀದಿಯವರು, ಕಂಪನಿಯವರು, ಕನ್ನಡದವರು ಒಬ್ಬರಾದ ಮೇಲೆ ಒಬ್ಬರು ಊಟ ತರುತ್ತಿದ್ದರು. ಬಿರಿಯಾನಿ, ಬಿಸಿಬೇಳೆಬಾತ್, ಪಾಸ್ತಾ. ನನಗೆ ಒಂದು ತುತ್ತೂ ಸೇರುತ್ತಿರಲಿಲ್ಲ. ದುಃಖಕ್ಕೆ ಎಂದು ಎಲ್ಲರೂ ತಿಳಿದರು. ದುಃಖವೂ ಇತ್ತು. ಆದರೆ ನಿಜವೆಂದರೆ ಎಲ್ಲವೂ ನನ್ನ ಬಾಯಿಗೆ ಉಪ್ಪುಪ್ಪಾಗಿತ್ತು. ಒಂಬತ್ತು ವರ್ಷ ಅವರ ಜೊತೆ ನಾನೂ ಸಪ್ಪೆಯೇ ತಿಂದಿದ್ದೆ, ನಾಲಗೆ ಅದಕ್ಕೇ ಒಗ್ಗಿಹೋಗಿತ್ತು. ಇದನ್ನು ಊಟ ತಂದವರಿಗೆ ಹೇಳುವುದು ಹೇಗೆ? ಗೆಳತಿಗೆ ಹೇಳಿದೆ. ಅವಳು ಅಡುಗೆಮನೆಗೆ ಹೋಗಿ ಡಬ್ಬಗಳನ್ನು ತಡಕಿ, ತಳದಲ್ಲಿ ಉಳಿದಿದ್ದ ಕ್ರುಟಾನ್ ಒಂದು ಬಟ್ಟಲಿಗೆ ಸುರಿದುಕೊಂಡು ಬಂದಳು. ಎಲ್ಲವೂ ಒಂದೇ ಅಳತೆಯವು. ಇಬ್ಬರೂ ಸೋಫಾದ ಮೇಲೆ ಕೂತು ತಿಂದೆವು. ಮಗಳೂ ಬಂದು ನೆಲದ ಮೇಲೆ ಕೂತಳು.

"ಇನ್ನು ಸ್ವಲ್ಪ ಸ್ವಲ್ಪ ಉಪ್ಪು ತಿನ್ನೋದು ಕಲೀರಿ ಅಕ್ಕಾರ," ಎಂದಳು ಗೆಳತಿ.

"ನೋಡೋಣ," ಎಂದೆ.

ಇನ್ನೂ ಪೂರ್ತಿ ಕಲಿತಿಲ್ಲ. ಮೊಟ್ಟೆಗೆ ಮಾತ್ರ ಚಿಟಿಕೆ ಹಾಕಿಕೊಳ್ಳುತ್ತೇನೆ.